ಲೈನು ಮನೆಯವರ ನೆಲೆ
(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಮಲೆನಾಡಿನ ಈ ಧರ್ಮಕೇಂದ್ರದಲ್ಲಿ ಕಾಫಿ ತೋಟದ ಒಡೆಯರೂ ಲೈನು ಮನೆಯ ಕಾರ್ಮಿಕರೂ ಒಂದೇ ಬಲಿಪೀಠದ ಮುಂದೆ ಮೊಣಕಾಲೂರುತ್ತೇವೆ. ಆದುದರಿಂದ ಇಂದು ನೆಲದ ಮಾತನ್ನು ಆಡದಿರಲಾರೆವು.

1951ರ ತೋಟ ಕಾರ್ಮಿಕರ ಕಾಯಿದೆಯು ವಸತಿಯ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಆದರೆ ಆ ಮನೆ ಕೆಲಸಕ್ಕೆ ಅಂಟಿಕೊಂಡದ್ದು. ದುಡಿಮೆ ಮುಗಿದರೆ ಸೂರೂ ತಪ್ಪುವುದು. 1974ರ ಭೂಸುಧಾರಣೆಯು ಗೇಣಿದಾರನನ್ನು ಒಡೆಯನನ್ನಾಗಿಸಿತು. ನಮ್ಮ ಕೂಲಿಯವರು ಗೇಣಿದಾರರಲ್ಲ. ತೋಟಗಳಿಗೆ ಭೂಮಿತಿಯಿಂದ ವಿನಾಯಿತಿ ಇದ್ದುದರಿಂದ ಹೆಚ್ಚುವರಿ ಭೂಮಿಯೂ ಹಂಚಿಕೆಗೆ ಬರಲಿಲ್ಲ. 2022ರ ತಿದ್ದುಪಡಿಯು ಸರ್ಕಾರಿ ಜಾಗವನ್ನು ಒತ್ತುವರಿ ಮಾಡಿ ತೋಟ ಬೆಳೆಸಿದವರಿಗೆ 25 ಎಕರೆವರೆಗೆ ಗುತ್ತಿಗೆ ನೀಡಲು ದಾರಿ ತೆರೆಯಿತು. ಹಾಗಿರುವಾಗ, ಅದೇ ತೋಟದಲ್ಲಿ ಆಯುಷ್ಯ ಸವೆಸಿದವರು ಒಂದು ನಿವೇಶನ ಕೇಳಿದರೆ ಅದು ಅತಿಯಾಸೆಯೇ?

ಕಾರ್ಮಿಕನಿಗೂ ಸ್ವಂತ ಆಸ್ತಿ ದೊರೆಯುವಂತಾಗಬೇಕೆಂದು 1891ರಲ್ಲೇ ಜಗದ್ಗುರು ಹದಿಮೂರನೆಯ ಲಿಯೋರವರು ಬೋಧಿಸಿದರು. ಈ ದೇವಾಲಯಕ್ಕೆ ಕಲ್ಲು ಹೊತ್ತ ಕೈಗಳಿಗೆ ತಮ್ಮದೆನ್ನುವ ಕದವೊಂದಿರಲಿಲ್ಲ. ಅವರ ಮೊಮ್ಮಕ್ಕಳಿಗಾದರೂ ಅದು ದೊರೆಯಲಿ. ನಿವೇಶನದ ಅರ್ಜಿಗಳನ್ನು ಬರೆದುಕೊಡೋಣ, ಅವರೊಡನೆ ಪಂಚಾಯಿತಿಯ ಮೆಟ್ಟಿಲು ಹತ್ತೋಣ. ನಮ್ಮಲ್ಲಿನ ಒಡೆಯರು ಮೊದಲ ಸಹಿ ಹಾಕಲಿ.

ದೇವರು ನಮ್ಮೆಲ್ಲರನ್ನೂ ಹರಸಲಿ.