ವಿದೇಶಿ ಬಂಡವಾಳ, ದೇಶದ ಭದ್ರತೆ ಮತ್ತು ವಕೀಲರ ಕೆಲಸ

(ವಿಜಯಪುರದಲ್ಲಿ ಕಾನೂನು ವಿದ್ಯಾರ್ಥಿಗಳಿಗಾಗಿ ಮಾಡಿದ ಭಾಷಣದ ಬರಹ ರೂಪ)



ವಕೀಲಿ ವೃತ್ತಿ ಎಂದರೆ ನಮ್ಮ ಭಾಗದಲ್ಲಿ ಜಮೀನಿನ ತಕರಾರು, ಹಿಸ್ಸೆ ಹಂಚಿಕೆ, ಚೆಕ್ ಬೌನ್ಸ್, ಅಪಘಾತದ ಪರಿಹಾರ ಇಷ್ಟೇ ಎಂಬ ಭಾವನೆ ಇದೆ. ಇವೆಲ್ಲ ಗೌರವದ ಕೆಲಸಗಳೇ. ಆದರೆ ಇಂದು ನಾನು ನಿಮ್ಮ ಗಮನಕ್ಕೆ ತರಬೇಕೆಂದಿರುವುದು ಬೇರೊಂದು ಕ್ಷೇತ್ರ. ಪರದೇಶದ ಹಣ ನಮ್ಮ ದೇಶದ ಉದ್ಯಮಕ್ಕೆ ಬರುವಾಗ ಅದರಿಂದ ದೇಶದ ಭದ್ರತೆಗೆ ಧಕ್ಕೆ ಇದೆಯೆ ಎಂದು ಸರಕಾರ ಪರಿಶೀಲಿಸುತ್ತದೆ. ಆ ಪರಿಶೀಲನೆಯಲ್ಲಿ ಎರಡೂ ಕಡೆ ವಕೀಲರು ಬೇಕು.

ಈ ಪ್ರಶ್ನೆ ವಿಜಯಪುರಕ್ಕೆ ಹೊಸದಲ್ಲ. 1510ರಲ್ಲಿ ಆದಿಲಶಾಹಿಗಳ ಕೈಯಿಂದ ಗೋವೆಯನ್ನು ಪೋರ್ತುಗೀಜರು ಕಿತ್ತುಕೊಂಡರು. ಮಸಾಲೆ ವ್ಯಾಪಾರಕ್ಕೆಂದು ಈ ಕಡಲಿಗೆ ಬಂದವರ ಹಡಗುಗಳಲ್ಲಿ ತೋಪುಗಳೂ ಇದ್ದವು. ಇನ್ನೊಂದು ಕಡೆ ನೋಡಿ. ನಮ್ಮ ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದವನು ತುರ್ಕಿ ಮೂಲದ ಉಸ್ತಾದ. ಪರಸ್ಥಳದವನು ಮಾಡಿದ ತೋಪೇ ಈ ಊರಿನ ಕೋಟೆಗೆ ಕಾವಲು ನಿಂತಿತು. ಹೊರಗಿನಿಂದ ಬಂದವರೆಲ್ಲ ವೈರಿಗಳಲ್ಲ, ಎಲ್ಲರೂ ಬರೀ ವ್ಯಾಪಾರಿಗಳೂ ಅಲ್ಲ. ಯಾರು ಏನು ಎಂದು ತಿಳಿಯಲು ನಂಬಿಕೆ ಅಥವಾ ಅನುಮಾನ ಸಾಲದು, ವಿಚಾರಣೆ ಬೇಕು.

ಈ ವಿಚಾರಣೆಗೆ ಅಮೇರಿಕದಲ್ಲಿ 1975ರಿಂದ ಒಂದು ಸಮಿತಿ ಇದೆ. 2018ರಲ್ಲಿ ಕಾನೂನು ತಂದು ಅದಕ್ಕೆ ಹೆಚ್ಚಿನ ಅಧಿಕಾರ ಕೊಟ್ಟರು. ಬ್ರಿಟನ್ 2021ರಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಕಾಯ್ದೆ ಮಾಡಿತು. ನಮ್ಮಲ್ಲಿ ಹೀಗೆ ಒಂದೇ ಕಾಯ್ದೆಯ ಬದಲು ಹಲವು ಕಡೆ ಹರಡಿದ ನಿಯಮಗಳಿವೆ. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ ಅಂದರೆ ಫೆಮಾ, ಅದರಡಿ 2019ರಲ್ಲಿ ಬಂದ ನಿಯಮಗಳು, ಜೊತೆಗೆ ರಕ್ಷಣೆ, ದೂರಸಂಪರ್ಕ, ಪ್ರಸಾರ, ವಿಮಾನಯಾನದಂಥ ಕ್ಷೇತ್ರಗಳಲ್ಲಿ ಬೇಕಾಗುವ ಭದ್ರತಾ ಅನುಮತಿ. 2017ರಲ್ಲಿ ವಿದೇಶಿ ಹೂಡಿಕೆ ಉತ್ತೇಜನ ಮಂಡಳಿಯನ್ನು ರದ್ದುಪಡಿಸಿದ ಮೇಲೆ ಅರ್ಜಿಗಳು ಆಯಾ ಸಚಿವಾಲಯಕ್ಕೆ ಹೋಗತೊಡಗಿದವು.

2020ರ ಏಪ್ರಿಲ್ 17ರಂದು ಕೇಂದ್ರ ಸರಕಾರ ಪ್ರೆಸ್ ನೋಟ್ 3 ಎಂಬ ಪ್ರಕಟಣೆ ಹೊರಡಿಸಿತು. ನಮ್ಮ ದೇಶದೊಂದಿಗೆ ಭೂಗಡಿ ಹೊಂದಿರುವ ದೇಶಗಳ ಹೂಡಿಕೆಗೆ ಸರಕಾರದ ಪೂರ್ವಾನುಮತಿ ಕಡ್ಡಾಯವಾಯಿತು. ಹಣ ಬೇರೆ ದೇಶದ ಕಂಪನಿಯ ಮೂಲಕ ಬಂದರೂ ಅದರ ನಿಜವಾದ ಒಡೆಯ ಗಡಿಯಾಚೆಯವನಾದರೆ ಅದೇ ನಿಯಮ ಎಂದು ಆ ಪ್ರಕಟಣೆ ಹೇಳಿತು. ಇದು ತಿಕೋಟಾದ ದ್ರಾಕ್ಷಿ ಬೆಳೆಗಾರರಿಗೆ, ಬಬಲೇಶ್ವರದ ಒಕ್ಕಲಿಗರಿಗೆ ಬೇಗ ತಿಳಿಯುವ ಮಾತು. ನಿಮ್ಮ ಬದುವಿಗೆ ಹತ್ತಿದ ಹೊಲ ಮಾರಾಟವಾಗುತ್ತದೆ. ಖರೇದಿ ಪತ್ರದಲ್ಲಿ ದೂರದ ಊರಿನವನ ಹೆಸರು, ಉತಾರದಲ್ಲಿಯೂ ಅವನದೇ ಹೆಸರು. ಆದರೆ ದುಡ್ಡು ಕೊಟ್ಟವನು ಬಾವಿ ನೀರಿಗಾಗಿ ನಿಮ್ಮ ಮೇಲೆ ದಾವೆ ಹೂಡಿದವನೇ ಆಗಿದ್ದರೆ? ಹೆಸರು ಯಾರದು ಎನ್ನುವುದಕ್ಕಿಂತ ಹಣ ಯಾರದು, ಹತೋಟಿ ಯಾರದು ಎಂಬುದೇ ಮುಖ್ಯವಲ್ಲವೆ?

ಇಂಥ ಕೇಸಿನಲ್ಲಿ ವಕೀಲರ ಮೊದಲ ಕೆಲಸ ಒಂದು ಕಂಪನಿಯ ಹಿಂದಿರುವ ಇನ್ನೊಂದು ಕಂಪನಿ, ಅದರ ಹಿಂದಿರುವ ಮನುಷ್ಯ, ಹೀಗೆ ಕೊನೆಯ ಒಡೆಯನವರೆಗೆ ದಾಖಲೆ ಹಿಡಿದು ಹೋಗುವುದು. ಎರಡನೆಯದು, ಅನುಮತಿ ಸಿಗುವವರೆಗೆ ಹಣ ಬರಕೂಡದು, ಷೇರು ಕೊಡಕೂಡದು ಎಂದು ಕರಾರಿನಲ್ಲಿಯೇ ಬರೆಯುವುದು. ಫೆಮಾ ಉಲ್ಲಂಘನೆಗೆ, ಮೊತ್ತ ಲೆಕ್ಕಕ್ಕೆ ಸಿಗುವಂತಿದ್ದರೆ, ಅದರ ಮೂರು ಪಟ್ಟಿನವರೆಗೆ ದಂಡ ಬೀಳಬಹುದು. ಈ ನಿಯಮಗಳು ಆಗಾಗ ಬದಲಾಗುತ್ತವೆ. ಆದ್ದರಿಂದ ಹಳೆಯ ಪುಸ್ತಕ ನಂಬಿ ಸಲಹೆ ಕೊಡದೆ ಇತ್ತೀಚಿನ ಅಧಿಸೂಚನೆಯನ್ನು ನೀವೇ ಓದಬೇಕು.

ಈಗ ನಮ್ಮ ಕರ್ನಾಟಕದ್ದೇ ಒಂದು ದೊಡ್ಡ ಪ್ರಕರಣ ಕೇಳಿ. ಇಸ್ರೋದ ವಾಣಿಜ್ಯ ಸಂಸ್ಥೆ ಆಂಟ್ರಿಕ್ಸ್ ಇರುವುದು ಬೆಂಗಳೂರಿನಲ್ಲಿ. 2005ರ ಜನವರಿ 28ರಂದು ಅದು ದೇವಾಸ್ ಮಲ್ಟಿಮೀಡಿಯಾ ಎಂಬ ಬೆಂಗಳೂರಿನ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. ಎರಡು ಉಪಗ್ರಹಗಳ ಎಸ್-ಬ್ಯಾಂಡ್ ತರಂಗಾಂತರವನ್ನು ಬಾಡಿಗೆಗೆ ಕೊಡುವ ಒಪ್ಪಂದ ಅದು. ದೇವಾಸ್‌ಗೆ ಮಾರಿಷಸ್ ಕಂಪನಿಗಳಿಂದ, ಜರ್ಮನಿಯ ಡಾಯ್ಚ ಟೆಲಿಕಾಂನಿಂದ ಹಣ ಬಂತು. 2011ರ ಫೆಬ್ರವರಿಯಲ್ಲಿ ಕೇಂದ್ರದ ಭದ್ರತಾ ಸಂಪುಟ ಸಮಿತಿಯ ತೀರ್ಮಾನದಂತೆ ಒಪ್ಪಂದ ರದ್ದಾಯಿತು.

ರದ್ದುಪಡಿಸಿದಾಗ ಕೊಟ್ಟ ಕಾರಣದಲ್ಲಿ ರಕ್ಷಣಾ ಪಡೆ, ಅರೆಸೇನಾ ಪಡೆಗಳ ಅಗತ್ಯದೊಡನೆ ರೈಲ್ವೆ, ಸಾರ್ವಜನಿಕ ಸೇವೆ, ಸಾಮಾಜಿಕ ಅಗತ್ಯ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಸೇರಿಸಲಾಗಿತ್ತು. ಮಾರಿಷಸ್ ಹೂಡಿಕೆದಾರರು ಎರಡು ದೇಶಗಳ ನಡುವಿನ ಹೂಡಿಕೆ ಒಪ್ಪಂದದಡಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋದರು. 2016ರಲ್ಲಿ ಆ ನ್ಯಾಯಮಂಡಳಿ ಬಹುಮತದಿಂದ ಏನು ಹೇಳಿತು ಗೊತ್ತೆ? ತರಂಗಾಂತರದ ಶೇಕಡಾ 60ರಷ್ಟು ನಿಜವಾದ ಭದ್ರತೆಗೆ, ಅದಕ್ಕೆ ಭಾರತ ಹೊಣೆಯಲ್ಲ. ಉಳಿದ ಶೇಕಡಾ 40ಕ್ಕೆ ಭದ್ರತೆಯ ರಕ್ಷಣೆ ಸಿಗದು. ಜರ್ಮನಿಯ ಒಪ್ಪಂದದಲ್ಲಿ ಭದ್ರತೆಗೆ ಅಗತ್ಯವಿರುವಷ್ಟರ ಮಟ್ಟಿಗೆ ಎಂಬ ಬಿಗಿಯಾದ ಮಾತಿತ್ತು. ಅಲ್ಲಿ 2017ರಲ್ಲಿ ತೀರ್ಪು ಭಾರತದ ವಿರುದ್ಧವೇ ಬಂತು. ಆಂಟ್ರಿಕ್ಸ್ ಮೇಲೆ ಬೇರೆಯಾಗಿ ನಡೆದ ವ್ಯಾಜ್ಯದಲ್ಲಿ 2015ರಲ್ಲಿಯೇ 56 ಕೋಟಿ 25 ಲಕ್ಷ ಡಾಲರ್ ಪರಿಹಾರದ ಆದೇಶವಾಗಿತ್ತು. ಒಂದು ಸಾಲಿನ ಬೆಲೆ ಎಷ್ಟಾಗಬಹುದು ಎಂಬುದನ್ನು ಗಮನಿಸಿ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2021ರಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ವಂಚನೆಯ ಕಾರಣಕ್ಕೆ ದೇವಾಸ್ ಕಂಪನಿಯನ್ನು ಮುಚ್ಚಲು ಆದೇಶಿಸಿತು. 2022ರ ಜನವರಿ 17ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ತಂದ ಸುಮಾರು 579 ಕೋಟಿ ರೂಪಾಯಿಯಲ್ಲಿ ಬಹುಪಾಲು ಮತ್ತೆ ಹೊರದೇಶಕ್ಕೇ ಹೋಗಿದ್ದುದು ಅಲ್ಲಿ ದಾಖಲಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟು ಆ ಪರಿಹಾರದ ಆದೇಶವನ್ನೂ ರದ್ದುಗೊಳಿಸಿತು. ಆದರೂ ಹೊರದೇಶದ ಕೋರ್ಟುಗಳಲ್ಲಿ ವ್ಯಾಜ್ಯ ಮುಂದುವರಿದು, 2025ರ ಜೂನ್‌ನಲ್ಲಿ ಅಮೇರಿಕದ ಸುಪ್ರೀಂ ಕೋರ್ಟು ವ್ಯಾಪ್ತಿಯ ಪ್ರಶ್ನೆಯಲ್ಲಿ ಹೂಡಿಕೆದಾರರ ಪರ ತೀರ್ಪು ಕೊಟ್ಟಿತು. ಹಣದ ಮೂಲವನ್ನು, ಕಂಪನಿಯ ನಡತೆಯನ್ನು ಮೊದಲೇ ಸರಿಯಾಗಿ ನೋಡಿದ್ದರೆ, ರದ್ದುಪಡಿಸುವಾಗ ಕಾರಣವನ್ನು ಖಚಿತವಾಗಿ ಬರೆದಿದ್ದರೆ ಇಷ್ಟು ವರ್ಷಗಳ ಅಲೆದಾಟದಲ್ಲಿ ಎಷ್ಟೋ ಉಳಿಯುತ್ತಿತ್ತು ಎಂದು ನನ್ನ ಅಭಿಪ್ರಾಯ.

ಹಾಗಾದರೆ ಭದ್ರತೆ ಎಂದು ಸರಕಾರ ಹೇಳಿದರೆ ಸಾಕೆ? ಇದಕ್ಕೆ ಎರಡು ತೀರ್ಪುಗಳನ್ನು ಜೋಡಿಸಿ ಓದಿರಿ. ಮೀಡಿಯಾ ಒನ್ ಎಂಬ ಮಲಯಾಳಂ ಚಾನೆಲ್‌ಗೆ ಗೃಹ ಸಚಿವಾಲಯ ಭದ್ರತಾ ಅನುಮತಿ ನಿರಾಕರಿಸಿತು. ಇದು ವಿದೇಶಿ ಹೂಡಿಕೆಯ ಪ್ರಕರಣವಲ್ಲ, ಆದರೆ ಅನುಮತಿಯ ಪದ್ಧತಿ ಅದೇ ಬಗೆಯದು. ಕಾರಣಗಳನ್ನು ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಧೀಶರಿಗೆ ಮಾತ್ರ ತೋರಿಸಿದ್ದರು. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಪಡಿಸಿತು. ಆಧಾರವಿಲ್ಲದೆ ಭದ್ರತೆಯ ಹೆಸರು ಹೇಳಿ ನಾಗರಿಕನ ಹಕ್ಕು ಕಸಿಯಲಾಗದು ಎಂಬುದು ಅದರ ತಿರುಳು. ಇನ್ನೊಂದು, ತುರ್ಕಿ ಮೂಲದ ಚೆಲೆಬಿ ಎಂಬ ವಿಮಾನ ನಿಲ್ದಾಣ ಸೇವಾ ಕಂಪನಿಯ ಪ್ರಕರಣ. 2025ರ ಮೇ 15ರಂದು ಅದರ ಭದ್ರತಾ ಅನುಮತಿಯನ್ನು ಹಿಂಪಡೆಯಲಾಯಿತು. ಜುಲೈ 7ರಂದು ದೆಹಲಿ ಹೈಕೋರ್ಟು ಕಂಪನಿಯ ಅರ್ಜಿಯನ್ನು ವಜಾ ಮಾಡಿತು. ದೇಶದ ಭದ್ರತೆಯ ಬಲವಾದ ಕಾರಣವಿದ್ದಾಗ ಮೊದಲೇ ನೋಟಿಸು ಕೊಟ್ಟು ಕೇಳಲೇಬೇಕೆಂದಿಲ್ಲ ಎಂದು ಒಪ್ಪಿತು.

ಮೇಲ್ನೋಟಕ್ಕೆ ಇವು ಎರಡು ದಿಕ್ಕಿನ ತೀರ್ಪುಗಳು. ಆದರೆ ಎರಡರಲ್ಲಿಯೂ ನ್ಯಾಯಾಲಯ ಸರಕಾರದ ಕಾಗದಗಳನ್ನು ತರಿಸಿ ನೋಡಿತು. ಬೇಡವೆನ್ನುವ ಹಕ್ಕು ಸರಕಾರಕ್ಕೆ ಖಂಡಿತ ಇದೆ, ಇರಲೇಬೇಕು. ಆ ಹಕ್ಕಿಗೆ ತೂಕ ಬರುವುದು ಹಿಂದಿರುವ ಕಾರಣದಿಂದ ಮತ್ತು ಆ ಕಾರಣವನ್ನು ಬರೆದಿಟ್ಟ ರೀತಿಯಿಂದ.

ವಿದ್ಯಾರ್ಥಿ ಮಿತ್ರರೆ, ನಾಳೆ ನೀವು ಸರಕಾರದ ಪರವಾಗಿ ಟಿಪ್ಪಣಿ ಬರೆಯುವವರಾಗಬಹುದು, ಇಲ್ಲವೆ ಕಂಪನಿಯ ಪರವಾಗಿ ವಾದಿಸುವವರಾಗಬಹುದು. ಯಾವ ಕಡೆ ಕುಳಿತರೂ ಹಣ ಯಾರದು, ಅಪಾಯ ಯಾವುದು, ಅದನ್ನು ಯಾವಾಗ ಹೇಳಿದಿರಿ ಎಂಬುದಕ್ಕೆ ನಿಮ್ಮ ಫೈಲಿನಲ್ಲಿ ಉತ್ತರವಿರಲಿ. ಇದನ್ನು ಕಲಿಯಲು ದೆಹಲಿಗೆ ಹೋಗುವವರೆಗೆ ಕಾಯಬೇಕಿಲ್ಲ. ರಜೆಗೆ ಊರಿಗೆ ಹೋದಾಗ ಮನೆಯ ಹಳೆಯ ಉತಾರ, ಖರೇದಿ ಪತ್ರಗಳನ್ನು ಒಮ್ಮೆ ಸಾಲು ಸಾಲಾಗಿ ಓದಿರಿ. ತಂದೆಯವರ ಹತ್ತಿರ ಕುಳಿತು, ಈ ಹೊಲದ ದುಡ್ಡು ಯಾರು ಕೊಟ್ಟರು, ಈ ಸಾಲು ಯಾಕೆ ಬರೆದರು ಎಂದು ಕೇಳಿರಿ. ವಕೀಲಿಯ ಮೊದಲ ಪಾಠ ಅಲ್ಲಿಯೇ ಇದೆ.