ಮಾಲಿ ಕಾಣದ ತೋಟ

(ಸಿಂಗಪುರದ ಕನ್ನಡಿಗರ ಓದುಕೂಟವೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಈ ಕೂಟಕ್ಕೆ ನನ್ನನ್ನು ಕರೆದ ಗೆಳೆಯರು ಫೋನಿನಲ್ಲಿಯೇ ಒಂದು ಷರತ್ತು ಹಾಕಿದ್ದರು: ‘ಭಾನುವಾರ, ಊಟವಾದ ಮೇಲಿನ ಹೊತ್ತು, ದಯವಿಟ್ಟು ಭಾರವಾದ ವಿಷಯ ಬೇಡ.’ ಹಾಗಿದ್ದರೆ ಈ ಊರಿನ ಉದ್ಯಾನಗಳ ಬಗ್ಗೆ ಮಾತನಾಡುತ್ತೇನೆ ಎಂದೆ. ಅವರಿಗೆ ಸಮಾಧಾನವಾಯಿತು. ಅವರನ್ನು ಪೂರ್ತಿ ನಿರಾಸೆಗೊಳಿಸುವುದಿಲ್ಲ. ಹೂವು, ಮರ, ನೆರಳು ಎಲ್ಲವೂ ಈ ಮಾತಿನಲ್ಲಿ ಬರುತ್ತವೆ.

ಊರಿನಿಂದ ನೆಂಟರು ಬಂದರೆ ನಾವೆಲ್ಲರೂ ಅವರನ್ನು ಒಂದೇ ದಾರಿಯಲ್ಲಿ ಸುತ್ತಿಸುತ್ತೇವೆ. ಬೆಳಿಗ್ಗೆ ಬಟಾನಿಕ್ ಗಾರ್ಡನ್ಸ್, ಸಂಜೆ ಗಾರ್ಡನ್ಸ್ ಬೈ ದ ಬೇ. ಹೋದ ವರ್ಷ ನನ್ನ ಸೋದರಮಾವ ಬಂದಿದ್ದರು. ಬಸವನಗುಡಿಯವರು, ಮೂವತ್ತು ವರ್ಷಗಳಿಂದ ಲಾಲ್‌ಬಾಗಿನಲ್ಲಿ ನಡೆದವರು. ಟ್ಯಾಂಗ್ಲಿನ್ ಗೇಟಿನಿಂದ ಒಳಹೊಕ್ಕು ಹಂಸಗಳ ಕೊಳ, ತಾಳೆಗಳ ಕಣಿವೆ, ಆರ್ಕಿಡ್ ತೋಟ ಎಲ್ಲವನ್ನೂ ನೋಡಿದರು. ನೆಲದ ಮೇಲೆ ಒಂದು ಕಾಗದದ ಚೂರಿಲ್ಲದ್ದನ್ನು ಎಲ್ಲ ನೆಂಟರಂತೆ ಅವರೂ ಗಮನಿಸಿದರು. ಆದರೆ ಹೊರಡುವಾಗ ಅವರು ಕೇಳಿದ ಪ್ರಶ್ನೆಯನ್ನು ಬೇರೆ ಯಾವ ನೆಂಟರೂ ಕೇಳಿರಲಿಲ್ಲ. ‘ಅಲ್ಲ ಕಣಮ್ಮ, ಇಷ್ಟು ದೊಡ್ಡ ತೋಟ, ಒಬ್ಬ ಮಾಲಿನೂ ಕಾಣ್ಲಿಲ್ವಲ್ಲ?’

‘ಇವತ್ತು ಭಾನುವಾರ, ಮಾವ’ ಎಂದೆ. ಉತ್ತರವೇನೋ ಸರಿಯೇ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇವತ್ತಿನ ಮಾತು ಹುಟ್ಟಿದ್ದು ಅದರಿಂದಲೇ.

ಈ ತೋಟದ ಚರಿತ್ರೆಯಿಂದ ತೊಡಗುತ್ತೇನೆ. 1822ರಲ್ಲಿ ರಾಫೆಲ್ಸ್ ಇಂದಿನ ಫೋರ್ಟ್ ಕ್ಯಾನಿಂಗ್ ಗುಡ್ಡದ ಮೇಲೆ ಒಂದು ತೋಟ ಹಾಕಿಸಿದ. ಜಾಯಿಕಾಯಿ, ಲವಂಗ ಬೆಳೆದು ಹಣ ಮಾಡುವುದು ಅದರ ಉದ್ದೇಶವಾಗಿತ್ತು. ಅದು 1829ರಲ್ಲಿ ಮುಚ್ಚಿಹೋಯಿತು. ಈಗಿರುವ ಬಟಾನಿಕ್ ಗಾರ್ಡನ್ಸ್ 1859ರದ್ದು. ಚಂದಾ ಕಟ್ಟಿದ ಸದಸ್ಯರ ವಿಹಾರಕ್ಕೆಂದು ಒಂದು ತೋಟಗಾರಿಕಾ ಸಂಘ ಇದನ್ನು ಆರಂಭಿಸಿತು. ಸಂಘಕ್ಕೆ ನಡೆಸಲಾಗದೆ 1874ರಲ್ಲಿ ವಸಾಹತು ಸರ್ಕಾರದ ಕೈಗೆ ಬಂತು. 1874ರಲ್ಲಿಯೇ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ ಜಾನ್ ಕ್ಯಾಮರಾನ್ ನಮ್ಮ ಲಾಲ್‌ಬಾಗಿಗೆ ಬಂದ. ಸಿಂಗಪುರ, ಬೆಂಗಳೂರು ಎರಡೂ ಕ್ಯೂ ಎಂಬ ಜೇಡ ನೇಯ್ದ ಒಂದೇ ಬಲೆಯ ಗಂಟುಗಳು. ಬೀಜ ಒಂದು ಖಂಡದಿಂದ ಬರುತ್ತಿತ್ತು, ಸಸಿ ಇನ್ನೊಂದು ಖಂಡದಲ್ಲಿ ಬೇರೂರುತ್ತಿತ್ತು, ಲಾಭ ಮೂರನೆಯ ಕಡೆಗೆ ಹರಿಯುತ್ತಿತ್ತು.

ಇದಕ್ಕೆ ರಬ್ಬರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲ್‌ನಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಕ್ಯೂಗೆ ಸಾಗಿಸಿದ. ಅವುಗಳಿಂದ ಹುಟ್ಟಿದ 22 ಸಸಿಗಳು 1877ರಲ್ಲಿ ಸಿಂಗಪುರ ತಲುಪಿದವು. 1888ರಲ್ಲಿ ಈ ತೋಟದ ನಿರ್ದೇಶಕನಾಗಿ ಬಂದ ಹೆನ್ರಿ ರಿಡ್ಲಿ ಮರವನ್ನು ಕೊಲ್ಲದೆ, ತೊಗಟೆಯನ್ನು ಮೀನಿನ ಮುಳ್ಳಿನಂತೆ ಗೀರಿ ಮತ್ತೆ ಮತ್ತೆ ಹಾಲು ಇಳಿಸುವ ಕ್ರಮವನ್ನು ರೂಪಿಸಿದ. ಬೀಜಗಳನ್ನು ತೋಟದೊಡೆಯರ ಜೇಬಿಗೆ ತುರುಕುತ್ತ ಓಡಾಡುತ್ತಿದ್ದನೆಂದು ಜನ ಅವನನ್ನು ‘ಹುಚ್ಚು ರಿಡ್ಲಿ’ ಎಂದು ಕರೆದರು. ಅವನು 1956ರಲ್ಲಿ ನೂರು ವರ್ಷ ತುಂಬಿ ತೀರಿಕೊಂಡ. ಬೆಂಗಳೂರಿಗೆ ಸಾಲುಮರಗಳ ಹೂವಿನ ಋತುಚಕ್ರವನ್ನು ಕೊಟ್ಟ ಕ್ರುಂಬಿಗಲ್ ತೀರಿಕೊಂಡದ್ದೂ ಅದೇ ವರ್ಷ. ಇದು ಬರಿಯ ಕಾಕತಾಳೀಯ, ಆದರೂ ನನಗೆ ಇಷ್ಟ.

ತೋಟದ ಫಲಕಗಳಲ್ಲಿ ರಿಡ್ಲಿಯ ಹೆಸರು ಸಿಗುತ್ತದೆ. ಅವನ ಕ್ರಮದಂತೆ ಬೆಳಗಿನ ಜಾವ ಮಲಯದ ಎಸ್ಟೇಟುಗಳಲ್ಲಿ ಮರ ಗೀರಿದವರ ಹೆಸರು ಹುಡುಕಿದರೆ ಸಿಗುವುದಿಲ್ಲ. ಅವರಲ್ಲಿ ಬಹುಪಾಲು ಮದ್ರಾಸ್ ಪ್ರಾಂತ್ಯದಿಂದ ಕರಾರು ಕೂಲಿಗಳಾಗಿ, ಆಮೇಲೆ ಕಂಗಾಣಿಗಳ ಮೂಲಕ ಬಂದ ತಮಿಳರು. ಈ ಕಥೆ ನಮ್ಮ ಸುಳ್ಯ, ಪುತ್ತೂರಿನವರೆಗೂ ಬರುತ್ತದೆ. ಅಲ್ಲಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ಹಾಲು ಇಳಿಸುವವರಲ್ಲಿ ಅನೇಕರು 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಕಳುಹಿಸಲ್ಪಟ್ಟ ತಮಿಳು ಕುಟುಂಬದವರು. ಒಂದು ಮರ ಸಾಗರ ದಾಟಿದರೆ ಅದರ ಹಿಂದೆ ಎಷ್ಟು ತಲೆಮಾರುಗಳು ಊರು ಬದಲಿಸಬೇಕಾಗುತ್ತದೆ ನೋಡಿ.

ಬಟಾನಿಕ್ ಗಾರ್ಡನ್ಸಿನಲ್ಲಿ ಕೆಲಸಗಾರರ ಗುರುತು ಉಳಿದಿರುವ ಒಂದು ಜಾಗವಿದೆ. ಸಸ್ಯಾಗಾರದ ಬಳಿಯ ಮೆಟ್ಟಿಲುಗಳ ಇಟ್ಟಿಗೆಗಳ ಮೇಲೆ ಬಾಣದ ಗುರುತುಗಳಿವೆ. ಜಪಾನಿ ಆಕ್ರಮಣದ ಕಾಲದಲ್ಲಿ ಆಸ್ಟ್ರೇಲಿಯಾದ ಯುದ್ಧಕೈದಿಗಳು ತಯಾರಿಸಿದ ಇಟ್ಟಿಗೆಗಳವು. ಬಾಣವೆಂದರೆ ಕೈದಿಯ ಉಡುಪಿನ ಗುರುತು. ‘ಇದನ್ನು ನಾವು ಇಷ್ಟಪಟ್ಟು ಮಾಡಲಿಲ್ಲ’ ಎಂದು ಅವರು ಹೀಗೆ ಬರೆದಿಟ್ಟು ಹೋದರು. ಮುಂದಿನ ಸಲ ಹೋದಾಗ ಒಂದು ನಿಮಿಷ ಅಲ್ಲಿ ಬಗ್ಗಿ ನೋಡಿ.

ಸ್ವತಂತ್ರ ಸಿಂಗಪುರದ ಹಸಿರಿನ ಕಥೆ ನಿಮಗೆಲ್ಲ ಗೊತ್ತಿರುವುದೇ. 1963ರ ಜೂನ್‌ನಲ್ಲಿ ಲೀ ಕ್ವಾನ್ ಯೂ ಫ್ಯಾರರ್ ಸರ್ಕಸ್‌ನಲ್ಲಿ ಒಂದು ಸಸಿ ನೆಟ್ಟರು. 1967ರಲ್ಲಿ ‘ಉದ್ಯಾನ ನಗರಿ’ಯ ಕನಸನ್ನು ಘೋಷಿಸಿದರು. ವಿಮಾನ ಇಳಿದು ಬರುವ ವಿದೇಶಿ ಉದ್ಯಮಿಗಳಿಗೆ ರಸ್ತೆಬದಿಯ ಒಪ್ಪವಾದ ಮರಗಳೇ ಈ ದೇಶದ ಶಿಸ್ತನ್ನು ಹೇಳುತ್ತವೆ ಎಂಬ ಲೆಕ್ಕಾಚಾರವನ್ನು ಅವರು ಎಂದೂ ಮುಚ್ಚಿಡಲಿಲ್ಲ. ಆ ಉದ್ಯಮಿಗಳು ಬರುತ್ತಿದ್ದ ಇಸ್ತಾನಾದ ಮುಖ್ಯ ಕಟ್ಟಡವನ್ನು 1867ರಿಂದ 1869ರ ನಡುವೆ ಕಟ್ಟಿದವರು ಭಾರತದಿಂದ ಗಡಿಪಾರಾಗಿ ಬಂದಿದ್ದ ಕೈದಿಗಳು. ಅದರ ಹುಲ್ಲುಗಾವಲು ಸಾರ್ವಜನಿಕರಿಗೆ ತೆರೆಯುವುದು ವರ್ಷದಲ್ಲಿ ಕೆಲವೇ ದಿನ.

ಹಾಗೆಂದು ನಾನು ಈ ಹಸಿರನ್ನು ಹೀಗಳೆಯಲು ಬಂದಿಲ್ಲ. ಬಟಾನಿಕ್ ಗಾರ್ಡನ್ಸ್ ಬೆಳಿಗ್ಗೆ 5ರಿಂದ ನಡುರಾತ್ರಿ 12ರವರೆಗೆ ತೆರೆದಿರುತ್ತದೆ. ಆರ್ಕಿಡ್ ತೋಟವೊಂದನ್ನು ಬಿಟ್ಟರೆ ಟಿಕೆಟ್ ಇಲ್ಲ. ಕುಡಿಯುವ ನೀರಿದೆ, ಹೆಂಗಸರು ಹೆದರದೆ ಹೋಗಬಹುದಾದ ಶೌಚಾಲಯಗಳಿವೆ. ವಿದ್ಯಾರ್ಥಿನಿಯಾಗಿ ಬಂದ ಹೊಸತರಲ್ಲಿ, ರಾತ್ರಿ ಹತ್ತು ಗಂಟೆಗೆ ಒಬ್ಬಳೇ ಒಂದು ಬೆಂಚಿನ ಮೇಲೆ ಕೂತು, ಯಾರೂ ನನ್ನನ್ನು ಏನೂ ಕೇಳದೆ ಹೋದಾಗ ಆದ ಆನಂದವನ್ನು ನಾನು ಮರೆತಿಲ್ಲ. ಬೆಂಗಳೂರಿನಲ್ಲಿ ಬಡಾವಣೆಯ ಪಾರ್ಕುಗಳಿಗೆ ಬಹುಕಾಲ ಮಧ್ಯಾಹ್ನ ಬೀಗ ಬೀಳುತ್ತಿತ್ತು. ಬೆಳಿಗ್ಗೆ ವಾಕಿಂಗಿನವರಿಗೆ, ಸಂಜೆ ಮಕ್ಕಳಿಗೆ. ನಡುವಿನ ಉರಿಬಿಸಿಲಿನಲ್ಲಿ ನೆರಳು ನಿಜಕ್ಕೂ ಬೇಕಾದವರು ಪೌರಕಾರ್ಮಿಕರು, ಗಾರೆ ಕೆಲಸದವರು, ಡೆಲಿವರಿ ಹುಡುಗರು. ಅವರು ಗೇಟಿನ ಹೊರಗೆ ಫುಟ್‌ಪಾತಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವುದಾಗಿ ಸರ್ಕಾರ ಹೇಳಿತು. ಪಾರ್ಕಿನ ವೇಳಾಪಟ್ಟಿಯನ್ನು ಒಮ್ಮೆ ಓದಿದರೆ ಅದು ಯಾವ ವರ್ಗದವರಿಗಾಗಿ ಬರೆದದ್ದೆಂದು ತಿಳಿಯುತ್ತದೆ.

ಸಿಂಗಪುರದ ಗೇಟುಗಳಿಗೆ ಬೀಗವಿಲ್ಲ. ಇಲ್ಲಿ ಬೀಗ ಬೇರೆ ಕಡೆ ಇದೆ.

ಮಾವನ ಪ್ರಶ್ನೆಗೆ ಹಿಂತಿರುಗುತ್ತೇನೆ. ವಾರದ ದಿನ ಬೆಳಿಗ್ಗೆ ಹೋದರೆ ಮಾಲಿಗಳು ಕಾಣುತ್ತಾರೆ. ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಅಗಲವಾದ ಟೋಪಿ, ಗಂಬೂಟು ಹಾಕಿ, ಹುಲ್ಲು ಕತ್ತರಿಸುವ ಯಂತ್ರವನ್ನು ಹೊತ್ತವರು. ನಾನು ಮಾತನಾಡಿಸಿದವರಲ್ಲಿ ಹೆಚ್ಚಿನವರು ಬಾಂಗ್ಲಾದೇಶದವರು, ಕೆಲವರು ತಮಿಳುನಾಡಿನವರು. ಸಂಜೆ ತೆರೆದ ಲಾರಿಯ ಹಿಂಬದಿಯಲ್ಲಿ ಕೂತು ಊರಾಚೆಯ ಡಾರ್ಮಿಟರಿಗಳಿಗೆ ಮರಳುತ್ತಾರೆ. ಅತ್ತ ಗಾರ್ಡನ್ಸ್ ಬೈ ದ ಬೇಯ ಗಾಜಿನ ಗುಮ್ಮಟದೊಳಗೆ ಮೆಡಿಟರೇನಿಯನ್ ಕಡೆಯ ಆಲಿವ್ ಮರಗಳಿಗೆ ಹಗಲಿರುಳು ತಂಪು ಗಾಳಿ ಹಾಯಿಸಲಾಗುತ್ತದೆ. 25ರಿಂದ 50 ಮೀಟರ್ ಎತ್ತರದ ಆ 18 ಉಕ್ಕಿನ ಸೂಪರ್‌ಟ್ರೀಗಳನ್ನು ನೋಡಿ ನನ್ನ ಮಗನಂತೆ ನಾನೂ ಬೆರಗಾದವಳೇ. ಆದರೆ ಅವು ನಿಂತ ನೆಲ ಸಮುದ್ರಕ್ಕೆ ಮರಳು ಸುರಿದು ಪಡೆದದ್ದು. ಈ ದೇಶ ಹಿಗ್ಗಿದಂತೆಲ್ಲ ಮರಳು ನೆರೆಯ ದೇಶಗಳಿಂದ ಬಂದಿದೆ. 2007ರಲ್ಲಿ ಇಂಡೋನೇಷ್ಯಾ ಮರಳಿನ ರಫ್ತನ್ನೇ ನಿಷೇಧಿಸಿತು. ಮರಗಳಿಗೆ ತಂಪಾದ ಕೋಣೆ, ಅವುಗಳನ್ನು ನೋಡಿಕೊಳ್ಳುವವರಿಗೆ ಬಿಸಿಲಿನ ಲಾರಿ! ಇದಕ್ಕೆ ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ.

ಅವರ ಭಾನುವಾರದ ಉದ್ಯಾನವೆಂದರೆ ಲಿಟ್ಲ್ ಇಂಡಿಯಾದ ಬಯಲುಗಳು, ರೈಲುನಿಲ್ದಾಣದ ಬಳಿಯ ಹುಲ್ಲು. ಅಲ್ಲಿ ಫಲಕವಿಲ್ಲ, ಹೂವಿಲ್ಲ. ಪ್ಲಾಸ್ಟಿಕ್ ಹಾಸಿ ಕೂತು ಊರಿಗೆ ವಿಡಿಯೋ ಕರೆ ಮಾಡುವ ನೂರಾರು ಗಂಡಸರು ಮಾತ್ರ. 2013ರ ಡಿಸೆಂಬರ್ 8ರ ಭಾನುವಾರ ರಾತ್ರಿ ಅಲ್ಲಿ ಬಸ್ಸಿನಡಿ ಸಿಕ್ಕಿ 33 ವರ್ಷದ ತಮಿಳು ಕಾರ್ಮಿಕನೊಬ್ಬ ಸತ್ತ, ಗಲಭೆಯಾಯಿತು. 2015ರಲ್ಲಿ ಹೊಸ ಮದ್ಯ ನಿಯಂತ್ರಣ ಕಾನೂನು ಬಂದು, ಆ ಪ್ರದೇಶಕ್ಕೆ ಉಳಿದ ಊರಿಗಿಂತ ಬಿಗಿಯಾದ ನಿಯಮಗಳಾದವು. 2020ರಲ್ಲಿ ಕೋವಿಡ್ ಡಾರ್ಮಿಟರಿಗಳಿಗೆ ಹೊಕ್ಕಿತು. ಆ ವರ್ಷದ ಕೊನೆಗೆ ಸರ್ಕಾರವೇ ಕೊಟ್ಟ ಲೆಕ್ಕದಂತೆ ಅಲ್ಲಿನವರಲ್ಲಿ ಶೇ. 47ರಷ್ಟು ಜನಕ್ಕೆ ಸೋಂಕು ತಗುಲಿತ್ತು. ನಾವು ಮಾಸ್ಕ್ ಹಾಕಿಕೊಂಡು ಪಾರ್ಕುಗಳಲ್ಲಿ ನಡೆಯುತ್ತ ‘ಪ್ರಕೃತಿಯೇ ಮದ್ದು’ ಎಂದು ಫೋಟೋ ಹಾಕುತ್ತಿದ್ದ ಆ ದಿನಗಳಲ್ಲಿ ಅವರು ಹೊರಬರುವಂತಿರಲಿಲ್ಲ. ಉಳಿದವರಿಗೆ ನಿರ್ಬಂಧ ಸಡಿಲವಾದ ಎಷ್ಟೋ ಕಾಲದ ನಂತರವೂ, 2022ರ ಜೂನ್‌ನಲ್ಲಿ ಸಹ, ಭಾನುವಾರ ಲಿಟ್ಲ್ ಇಂಡಿಯಾಕ್ಕೆ ಬರಲು ಅವರು ಒಂದು ಪಾಸಿಗೆ ಅರ್ಜಿ ಹಾಕಬೇಕಿತ್ತು. ನನ್ನ ನಿಮ್ಮಂಥವರಿಗೆ ಆ ಪಾಸು ಬೇಕಿರಲಿಲ್ಲ. ನಾವೂ ವಲಸಿಗರೇ, ಕಾಗದ ಬೇರೆ, ಅಷ್ಟೆ.

ನಮ್ಮನ್ನೂ ಹೊರಗಿಡುವ ಪಾರ್ಕು ಒಂದಿದೆ. ಹಾಂಗ್ ಲಿಮ್ ಪಾರ್ಕ್, 19ನೆಯ ಶತಮಾನದ ಅಫೀಮು ಗುತ್ತಿಗೆದಾರನೊಬ್ಬನ ಹೆಸರಿನದು. 2000ನೆಯ ಇಸವಿಯಿಂದ ಅಲ್ಲಿ ‘ಸ್ಪೀಕರ್ಸ್ ಕಾರ್ನರ್’ ಇದೆ. ಪೊಲೀಸ್ ಪರವಾನಗಿ ಇಲ್ಲದೆ ಪ್ರಜೆಗಳು ಸಭೆ ನಡೆಸಬಹುದಾದ ಜಾಗವದು. ಸಭೆ ನಡೆಸುವವರು ಹೆಸರು ನೋಂದಾಯಿಸಬೇಕಾದದ್ದು ಉದ್ಯಾನ ಇಲಾಖೆಯ ಬಳಿ! 2016ರ ನವೆಂಬರಿನಿಂದ ಅಲ್ಲಿನ ಸಭೆಗಳಲ್ಲಿ ವಿದೇಶಿಯರು ಸುಮ್ಮನೆ ನಿಂತಿರುವಂತೆಯೂ ಇಲ್ಲ. 2017ರ ಪಿಂಕ್ ಡಾಟ್ ಸಮಾವೇಶಕ್ಕೆ ಪಾರ್ಕಿನ ಸುತ್ತ ಬೇಲಿ ಕಟ್ಟಿ ಗುರುತಿನ ಚೀಟಿ ನೋಡಿ ಒಳಬಿಟ್ಟರು. ನಾನು ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡಿದೆ. ಇನ್ನೊಂದು ನಿಯಮವೂ ಇದೆ: ಭಾಷಣ ನಾಲ್ಕು ಅಧಿಕೃತ ಭಾಷೆಗಳಲ್ಲಿ ಅಥವಾ ಅವುಗಳ ಉಪಭಾಷೆಗಳಲ್ಲಿ ಇರಬೇಕು. ತಮಿಳು ಆ ಪಟ್ಟಿಯಲ್ಲಿದೆ. ಕನ್ನಡ ತಮಿಳಿನ ಕೂಸೆಂದು ನಾವು ಒಪ್ಪಿಕೊಂಡರೆ ಅವಕಾಶ ಸಿಗಬಹುದೇನೋ, ಆದರೆ ಆ ವ್ಯಾಪಾರ ನಮಗೆ ಬೇಡ. (ನೀವು ನಕ್ಕದ್ದನ್ನು ಪಠ್ಯದಲ್ಲಿ ಸೇರಿಸುತ್ತೇನೆ.)

ಇದನ್ನು ಕೇಳಿ ‘ನಮ್ಮಲ್ಲಿ ಹೀಗಿಲ್ಲ’ ಎಂದು ಹಿಗ್ಗುವ ಮೊದಲು ಬೆಂಗಳೂರಿನತ್ತ ನೋಡಿ. 2021ರ ಆದೇಶದ ನಂತರ ಅಲ್ಲಿಯೂ ಪ್ರತಿಭಟನೆಗೆ ಉಳಿದಿರುವುದು ಒಂದು ಪಾರ್ಕು ಮಾತ್ರ, ಫ್ರೀಡಂ ಪಾರ್ಕು. ಅದು ಹಿಂದೆ ಸೆಂಟ್ರಲ್ ಜೈಲಾಗಿತ್ತು. ಟೌನ್‌ಹಾಲ್ ಮೆಟ್ಟಿಲುಗಳ ಮೇಲೆ ಕೂಗಿ ಬೆಳೆದ ನನ್ನ ಪೀಳಿಗೆಯವರಿಗೆ ಇದು ಸಣ್ಣ ನಷ್ಟವಲ್ಲ.

ಕೊನೆಯದಾಗಿ, ಹೇಳಲು ಹಿಂಜರಿಯುತ್ತಿರುವ ಒಂದು ಸಂಗತಿ. ನಮ್ಮ ಮನೆಯಲ್ಲಿ ಕೆಲಸ ಮಾಡುವವರು ಹೊಸೂರಿನ ಕಡೆಯವರು, ಕನ್ನಡ ಬಲ್ಲವರು. 2021ರಲ್ಲಿ ಬಂದರು. ಮನೆಗೆಲಸದವರಿಗೆ ವಾರಕ್ಕೊಂದು ರಜೆ ಕೊಡಬೇಕೆಂಬ ಕಾನೂನು 2013ರಿಂದ ಇದೆ; ಆದರೆ ಅವರು ಒಪ್ಪಿದರೆ ರಜೆಯ ಬದಲು ದುಡ್ಡು ಕೊಡಬಹುದು. ನಾನು ದುಡ್ಡು ಕೊಟ್ಟೆ. ಕೋವಿಡ್ ಇದೆ, ಮಗು ಚಿಕ್ಕದು, ಅವರಿಗೂ ಹಣ ಬೇಕು, ಎಲ್ಲ ಕಾರಣಗಳೂ ನನ್ನ ಬಳಿ ಸಿದ್ಧವಾಗಿದ್ದವು. ಒಂದೂವರೆ ವರ್ಷ ಅವರಿಗೆ ಒಂದು ಭಾನುವಾರವೂ ಸಿಗಲಿಲ್ಲ. ಆ ಅವಧಿಯಲ್ಲಿ ನಾನು ಬರೆಯುತ್ತಿದ್ದದ್ದು ಸಾರ್ವಜನಿಕ ಸ್ಥಳಗಳ ಕುರಿತ ಒಂದು ಪ್ರಬಂಧ. 2023ರ ಜನವರಿಯಿಂದ ತಿಂಗಳಿಗೆ ಒಂದು ರಜೆಯನ್ನಾದರೂ ದುಡ್ಡು ಕೊಟ್ಟು ಕೊಳ್ಳುವಂತಿಲ್ಲವೆಂದು ಕಾನೂನು ಬದಲಾಯಿತು. ಆಗ ಕೊಟ್ಟೆ. ನಾನಾಗಿ ಕೊಡಲಿಲ್ಲ, ಕಾನೂನು ಕೊಡಿಸಿತು. ಈಗ ಪ್ರತಿ ಭಾನುವಾರ ಹೋಗುತ್ತಾರೆ.

ಬಟಾನಿಕ್ ಗಾರ್ಡನ್ಸಿನ ಹುಲ್ಲಿನ ಇಳಿಜಾರಿನಲ್ಲಿ ಒಂದು ಮಳೆಮರವಿದೆಯಂತೆ. ಹತ್ತು ಹನ್ನೆರಡು ಹೆಂಗಸರು ಅಲ್ಲಿ ಸೇರುತ್ತಾರೆ. ಒಬ್ಬರು ಚಾಪೆ ತರುತ್ತಾರೆ, ಒಬ್ಬರು ಪುಳಿಯೋಗರೆ, ಯಾರೋ ಒಬ್ಬರು ಉಳಿದವರಿಗೆ ತಲೆ ಬಾಚಿ ಜಡೆ ಹಾಕುತ್ತಾರೆ. ಯಾವ ಮನೆಯಲ್ಲಿ ಎಷ್ಟು ಸಂಬಳ, ಯಾರ ಪಾಸ್‌ಪೋರ್ಟ್ ಯಾರ ಬೀರುವಿನಲ್ಲಿದೆ ಎಂಬುದೆಲ್ಲ ಅಲ್ಲಿ ಮಾತಿಗೆ ಬರುತ್ತದೆ. ಈ ಭಾಷಣದ ಸಿದ್ಧತೆಗಾಗಿ ನಾನು ಅವರನ್ನು ಕೇಳಿದೆ: ಮುಂದಿನ ಭಾನುವಾರ ನಾನೂ ಬಂದು ಸ್ವಲ್ಪ ಹೊತ್ತು ಕೂರಲೇ?

ಅವರು ಪಾತ್ರೆ ಒರೆಸುತ್ತಿದ್ದರು. ತಿರುಗಿ ನೋಡದೆ ಹೇಳಿದರು: ‘ಬೇಡ ಅಕ್ಕ. ನೀವು ಬಂದ್ರೆ ಅವರೆಲ್ಲ ಎದ್ದು ನಿಂತ್ಕೋತಾರೆ.’

ನಾನು ಹೋಗಲಿಲ್ಲ.