ಬೀದಿಯಿಂದ ಮನೆಗೆ ಬಂದ ನಾಯಿ

ನಮ್ಮ ಬೀದಿಯ ನಾಯಿಗೆ ನಾವು ಇಟ್ಟಿರುವ ಹೆಸರು 'ಕಂತ್ರಿ'. ಇಂಗ್ಲಿಷಿನ 'ಕಂಟ್ರಿ' ಎಂಬ ಮಾತು ನಮ್ಮ ನಾಲಗೆಯ ಮೇಲೆ ಸವೆದು ಹೀಗಾಯಿತು. ಸ್ವದೇಶದ್ದು ಎಂಬಷ್ಟೇ ಅದರ ಅರ್ಥ. ಆದರೂ ಅದನ್ನು ನಾವು ಬೈಗುಳವಾಗಿ ಮಾಡಿಕೊಂಡಿದ್ದೇವೆ. ಇದೇ ನಾಡಿನಲ್ಲಿ ಕ್ರಿ.ಶ. 949-50ರ ಸುಮಾರಿಗೆ ಒಂದು ನಾಯಿಗಾಗಿ ಕಲ್ಲು ನಿಲ್ಲಿಸಿ ಶಾಸನ ಬರೆಸಿದರು. ಮಂಡ್ಯ ಜಿಲ್ಲೆಯ ಆತಕೂರಿನ ಆ ಶಾಸನದಲ್ಲಿ ಕಾಳಿ ಎಂಬ ಬೇಟೆನಾಯಿಯ ಕಥೆ ಉಂಟು. ಯುದ್ಧದಲ್ಲಿ ಗೆದ್ದ ಮಣಲೇರನೆಂಬ ವೀರನನ್ನು ಮೆಚ್ಚಿ ಅರಸನು 'ಏನು ಬೇಕೋ ಬೇಡು' ಎಂದಾಗ, ಆತ ಹೊನ್ನು ಬೇಡಲಿಲ್ಲ, ಆ ನಾಯಿಯನ್ನು ಬೇಡಿದ. ಕಾಡುಹಂದಿಯ ಮೇಲೆ ಬಿದ್ದು ಹೋರಾಡಿ ಹಂದಿಯೂ ಕಾಳಿಯೂ ಒಟ್ಟಿಗೇ ಸತ್ತವು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಕ್ಕಳನ್ನು ಕರೆದುಕೊಂಡು ಹೋದಾಗ ತೋರಿಸಿ.

ಕಾಳಿ ಅರಮನೆಯ ನಾಯಿ. 2005ರಲ್ಲಿ ಅಂಚೆಚೀಟಿಯ ಮೇಲೆ ಕಾಣಿಸಿಕೊಂಡ ನಮ್ಮ ಮುಧೋಳದ ನಾಯಿಗೂ ಕುಲಗೋತ್ರ ಉಂಟು. ನಾನು ಇಂದು ಮಾತನಾಡಬೇಕೆಂದಿರುವುದು ಎರಡೂ ಇಲ್ಲದ ಪ್ರಾಣಿಯ ವಿಷಯ. 2023ರ ಗಣತಿಯಲ್ಲಿ ಬೆಂಗಳೂರು ನಗರವೊಂದರಲ್ಲೇ ಬೀದಿನಾಯಿಗಳು ಸುಮಾರು 2 ಲಕ್ಷ 79 ಸಾವಿರ ಎಂದು ಲೆಕ್ಕ ಸಿಕ್ಕಿತು. ಅಷ್ಟನ್ನೂ ಮನೆಗೆ ಕರೆತನ್ನಿ ಎಂದು ಯಾರೂ ಹೇಳಲಾರರು. ಒಂದನ್ನು ತರುವ ಮನಸ್ಸು ನಿಮಗೆ ಬಂದರೆ, ಅದು ಬರಿಯ ಮನಸ್ಸಿನ ಕೆಲಸವಲ್ಲ ಎಂದು ಹೇಳುವುದಷ್ಟೇ ನನ್ನ ಉದ್ದೇಶ.

ಇದರಲ್ಲಿ ಎರಡು ಬಗೆಯಿದೆ. ದತ್ತು ತೆಗೆದುಕೊಳ್ಳುವುದು ಒಂದು. ಅದು ಹನ್ನೆರಡು ಹದಿನಾಲ್ಕು ವರ್ಷಗಳ ಬಾಳು. ಇನ್ನೊಂದು, ಗಾಯಗೊಂಡದ್ದನ್ನೋ ತಾಯಿಯಿಂದ ಅಗಲಿದ ಮರಿಯನ್ನೋ ಕೆಲವು ವಾರ ಇಟ್ಟುಕೊಂಡು, ಚೇತರಿಸಿದ ಮೇಲೆ ತಕ್ಕ ಮನೆಗೆ ಒಪ್ಪಿಸುವುದು. ನಮ್ಮ ಹೆಂಗಸರು ಇದನ್ನು ಬಾಣಂತನ ಎಂದು ಕರೆದರೆ ತಪ್ಪಾಗದು. ತಾತ್ಕಾಲಿಕ ಎಂದ ಮಾತ್ರಕ್ಕೆ ಇದು ಸುಲಭವೆಂದು ತಿಳಿಯಬೇಡಿ. ನಾವು ಹಾಗೆ ತಿಳಿದೇ ಕೆಟ್ಟೆವು.

ಮಳೆಗಾಲದ ಒಂದು ರಾತ್ರಿ ಚರಂಡಿಯ ಪಕ್ಕದಲ್ಲಿ ಕುಂಯ್‌ಗುಡುತ್ತಿದ್ದ ಎರಡು ತಿಂಗಳ ಮರಿಯೊಂದನ್ನು ನಮ್ಮಾಕೆ ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಮೈತುಂಬ ಉಣ್ಣೆ, ಹೊಟ್ಟೆ ಗುಡಾಣ. ಒಳಗೆ ಜಂತುಹುಳು ತುಂಬಿರುವುದಕ್ಕೆ ಅದೇ ಗುರುತು. ಮರುದಿನ ಪಶುವೈದ್ಯರಲ್ಲಿಗೆ ಒಯ್ದೆವು. ಜಂತಿಗೆ ಔಷಧ ಕೊಟ್ಟರು, ಮೊದಲ ಲಸಿಕೆ ಹಾಕಿದರು, ಹುಚ್ಚುನಾಯಿ ರೋಗದ ಲಸಿಕೆಗೆ ಮೂರು ತಿಂಗಳು ತುಂಬಲಿ ಎಂದರು. 'ಅಲ್ಲಿಯವರೆಗೆ ಬೇರೆಯಾಗಿ ಇಡಿ, ಮಕ್ಕಳ ಕೈಗೆ ಕೊಡಬೇಡಿ' ಎಂದೂ ಹೇಳಿದ್ದರು. ಈ ಕಡೆಯ ಮಾತು ನಾನು ಕೇಳಿಯೂ ಕೇಳದಂತೆ ಇದ್ದುಬಿಟ್ಟೆ. ಮೂರನೆಯ ವಾರದಲ್ಲಿ ಗೇಟು ತೆರೆದಿತ್ತು. ಪಕ್ಕದ ಮನೆಯ ಏಳು ವರ್ಷದ ಹುಡುಗ ಬಂದು, ತಿನ್ನುತ್ತಿದ್ದ ಮರಿಯ ತಟ್ಟೆಗೆ ಕೈಯಿಟ್ಟ. ಮರಿ ಕಚ್ಚಿತು. ಹಾಲುಹಲ್ಲು ಸೂಜಿಯಂತೆ ಇರುತ್ತದೆ, ನೆತ್ತರು ಬಂತು.

ಹುಡುಗನ ಅಜ್ಜಿ ಸುಣ್ಣ ಅರಿಸಿನ ಕಲಸಿಕೊಂಡು ಹೊರಗೆ ಬಂದರು. ಪುಣ್ಯಕ್ಕೆ ನಮ್ಮಾಕೆ ಅವರಿಗಿಂತ ಮೊದಲೇ ಹುಡುಗನನ್ನು ನಲ್ಲಿಯ ಕೆಳಗೆ ನಿಲ್ಲಿಸಿದ್ದಳು. ಸಾಬೂನು ಹಚ್ಚಿ, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದಳು. ಮಾಡಬೇಕಾದದ್ದು ಅದೇ. ಸುಣ್ಣ, ಅರಿಸಿನ, ಮೆಣಸಿನ ಪುಡಿ, ಸೊಪ್ಪಿನ ರಸ ಯಾವುದೂ ಬೇಡ. ತೊಳೆದ ಮೇಲೆ ನೇರವಾಗಿ ಆಸ್ಪತ್ರೆಗೆ. ಗಾಯದ ಸುತ್ತ ಪ್ರತಿವಿಷದ ಸೀರಮ್ ಕೊಟ್ಟು, ತೋಳಿಗೆ ಅಂದು ಒಂದು, ಬಳಿಕ 3, 7, 14, 28ನೆಯ ದಿನಗಳಂದು ಒಂದೊಂದು ಎಂದು ಚೀಟಿ ಬರೆದರು.

ಅಂದು ಸಂಜೆ ಹುಡುಗನ ತಂದೆ ನಮ್ಮ ಜಗಲಿಗೆ ಬಂದು ಕೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. 'ರಾಯರೇ, ಧರ್ಮ ನಿಮ್ಮದು, ಸೂಜಿ ನಮ್ಮ ಹುಡುಗನಿಗೋ?' ನನ್ನಲ್ಲಿ ಉತ್ತರ ಇರಲಿಲ್ಲ.

ಮುಂದಿನ ಹತ್ತು ದಿನ ನಾವು ಮರಿಯನ್ನು ಕಾದೆವು. ಇದರ ಕಾರಣ ತಿಳಿದಿರುವುದು ಒಳ್ಳೆಯದು. ಕಚ್ಚಿದ ಹೊತ್ತಿನಲ್ಲಿ ನಾಯಿಯ ಜೊಲ್ಲಿನಲ್ಲಿ ಆ ರೋಗದ ವಿಷವಿದ್ದರೆ, ಹತ್ತು ದಿನದೊಳಗೆ ಅದಕ್ಕೆ ರೋಗ ಕಾಣಿಸಿಕೊಂಡು ಸಾಯುತ್ತದೆ. ಹತ್ತು ದಿನವೂ ಆರೋಗ್ಯವಾಗಿದ್ದರೆ ಆ ಕಡಿತದಿಂದ ಭಯವಿಲ್ಲ. ಹಾಗೆಂದು ಹತ್ತು ದಿನ ನೋಡಿ ಆಮೇಲೆ ಸೂಜಿ ಹಾಕಿಸೋಣ ಎನ್ನುವಂತಿಲ್ಲ; ಸೂಜಿ ಮೊದಲ ದಿನವೇ ಆರಂಭವಾಗಬೇಕು. ಮನುಷ್ಯನಲ್ಲಿ ಲಕ್ಷಣಗಳು ತೋರಿದ ಮೇಲೆ ಈ ರೋಗಕ್ಕೆ ಮದ್ದಿಲ್ಲವೆಂದೇ ಹೇಳಬೇಕು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59 ಸಾವಿರ ಮಂದಿ ಇದರಿಂದ ಸಾಯುತ್ತಾರೆಂದು ಅಂದಾಜು; ಅದರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ನಮ್ಮ ದೇಶದ್ದು. ಬೆಳಗ್ಗೆ ಎದ್ದೊಡನೆ ನಾನು ಮರಿಗೆ ನೀರಿಟ್ಟು, ಕುಡಿಯುತ್ತದೆಯೋ ಇಲ್ಲವೋ ಎಂದು ನೋಡುತ್ತಿದ್ದೆ. ಪಕ್ಕದ ಮನೆಯ ಕಿಟಕಿಯಿಂದ ಅಜ್ಜಿಯೂ ನೋಡುತ್ತಿದ್ದರು. ಹನ್ನೊಂದನೆಯ ದಿನವೂ ಮರಿ ಬಾಲ ಅಲ್ಲಾಡಿಸಿ ನೀರು ಕುಡಿಯಿತು. ವೈದ್ಯರು ಮಾತ್ರ ಹುಡುಗನಿಗೆ ಉಳಿದ ಸೂಜಿಗಳನ್ನೂ ಪೂರ್ತಿ ಮಾಡಿಸಿದರು. ಬಿಡುವುದೋ ಮುಗಿಸುವುದೋ ವೈದ್ಯರೇ ಹೇಳಬೇಕಾದ ಮಾತು.

ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಹಳೆಯ ಹೆದರಿಕೆ ಇನ್ನೂ ಅನೇಕರಲ್ಲಿದೆ. ಅದು ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಲಸಿಕೆ. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯರು ರೂಪಿಸಿದ್ದು. 2004ರ ಕೊನೆಗೆ ನಮ್ಮ ದೇಶದಲ್ಲಿ ಅದರ ತಯಾರಿಕೆ ನಿಂತೇಹೋಯಿತು. ಆ ಹೆದರಿಕೆಯಿಂದ ಯಾರೂ ಕಡಿತವನ್ನು ಮುಚ್ಚಿಡಬಾರದು. ಮಕ್ಕಳಂತೂ ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಾರೆ.

ನಾಯಿಗೆ ಮೂರು ತಿಂಗಳಿಗೆ ಈ ಲಸಿಕೆ ಹಾಕಿಸಿ, ವರ್ಷ ವರ್ಷವೂ ಮತ್ತೆ ಹಾಕಿಸಿದರೆ ಇಷ್ಟೆಲ್ಲ ಸಂಕಟವಿಲ್ಲ. ಲೂಯಿ ಪಾಶ್ಚರ್ ತೀರಿಕೊಂಡ ದಿನವಾದ ಸೆಪ್ಟೆಂಬರ್ 28ರಂದು ರೇಬೀಸ್ ದಿನದ ಅಂಗವಾಗಿ ಅನೇಕ ಊರುಗಳಲ್ಲಿ ಪುಕ್ಕಟೆಯಾಗಿ ಹಾಕುವುದುಂಟು.

ಮರಿಗಳನ್ನು ಹೆಚ್ಚಾಗಿ ಕೊಲ್ಲುವುದು ಇದಲ್ಲ, ಪಾರ್ವೋ ಎಂಬ ಕರುಳಿನ ರೋಗ. ಒಂದು ದಿನ ಆಡಿಕೊಂಡಿದ್ದ ಮರಿ ಮರುದಿನ ವಾಂತಿ ಮಾಡಿ, ನೆತ್ತರು ಬೆರೆತ ಭೇದಿಯಾಗಿ ಮಲಗಿಬಿಡುತ್ತದೆ. ಸಂಜೆಯವರೆಗೆ ನೋಡೋಣ ಎನ್ನಬೇಡಿ. ನೀರಿನಂಶ ಹೋಗಿ ಗಂಟೆಗಳಲ್ಲಿ ಕೈಮೀರುತ್ತದೆ. ಈ ರೋಗದ ವಿಷ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲಿಗೆ ಅದು ಅಷ್ಟಾಗಿ ಬಗ್ಗದು, ಬ್ಲೀಚಿಂಗ್ ಪುಡಿಯ ನೀರು ಬೇಕು. ಒಂದು ಮರಿ ಸತ್ತ ಮನೆಗೆ ಮರುಕದಿಂದ ಲಸಿಕೆಯಾಗದ ಇನ್ನೊಂದನ್ನು ಒಡನೆಯೇ ತಂದರೆ ಅದಕ್ಕೂ ಅದೇ ಗತಿ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ನಾಲ್ಕು ತಿಂಗಳು ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ. ಒಂದು ಹಾಕಿಸಿ ಮುಗಿಯಿತೆಂದುಕೊಳ್ಳುವುದೇ ನಾವು ಮಾಡುವ ತಪ್ಪು.

ಉಣ್ಣೆಯ ಮಾತು. ನಮ್ಮ ಹವೆಯಲ್ಲಿ ಅದು ವರ್ಷವಿಡೀ ಇದೆ. ನೆತ್ತರು ಹೀರುವುದಕ್ಕಿಂತ ದೊಡ್ಡ ಕೇಡೆಂದರೆ ಅದು ಜ್ವರವನ್ನು ಬಿತ್ತುತ್ತದೆ. ನಾಯಿ ಊಟ ಬಿಟ್ಟು ಮಂಕಾಗಿದ್ದರೆ ತುಟಿಯೆತ್ತಿ ವಸಡು ನೋಡಿ. ಕೆಂಪಗಿರಬೇಕಾದದ್ದು ಬಿಳಚಿಕೊಂಡಿದ್ದರೆ ಅಂದೇ ಪಶುವೈದ್ಯರಲ್ಲಿಗೆ ಹೊರಡಿ. ಮೂಗು ಒಣಗಿದ್ದರೆ ಜ್ವರ ಎಂಬ ಮಾತನ್ನು ನಂಬಬೇಡಿ. ನಾಯಿಯ ಮೈಶಾಖವೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮುಟ್ಟಿ ನೋಡಿ ನಮ್ಮ ಜ್ವರದ ಮಾತ್ರೆ ನುಂಗಿಸಿದವರುಂಟು. ಪ್ಯಾರಸಿಟಮಾಲ್ ನಾಯಿಯ ಯಕೃತ್ತನ್ನು ಕೆಡಿಸೀತು, ಬೆಕ್ಕಿನ ಪ್ರಾಣವನ್ನೇ ತೆಗೆದೀತು.

ಊಟದ ವಿಷಯದಲ್ಲಿ ಮಿಕ್ಕದ್ದೆಲ್ಲ ನಾಯಿಗೆ ಎಂಬುದು ನಮ್ಮ ಮನೆಗಳ ಪದ್ಧತಿ. ನಿನ್ನೆಯ ಈರುಳ್ಳಿ ಹುಳಿ ಸುರಿದ ಅನ್ನ ಅದಕ್ಕೆ ನಿಧಾನದ ವಿಷ. ಈರುಳ್ಳಿ ಬೆಳ್ಳುಳ್ಳಿ ನಾಯಿಯ ನೆತ್ತರಿನ ಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ ಮೂತ್ರಪಿಂಡಕ್ಕೆ ಕೇಡು. ಪಾಯಸದ ಒಣದ್ರಾಕ್ಷಿಯೂ ಅದೇ ಜಾತಿ. ಚಾಕೊಲೇಟ್ ಕೊಡಲೇಬಾರದು. ಬೇಯಿಸಿದ ಮೂಳೆ ಚೂರಾಗಿ ಕರುಳಿಗೆ ಚುಚ್ಚುತ್ತದೆ. ಹಾಲು ಬಹಳ ನಾಯಿಗಳಿಗೆ ಭೇದಿ ತರುತ್ತದೆ. ಹಾಗಾದರೆ ಏನು ಕೊಡೋಣ ಎಂದರೆ, ಉಪ್ಪು ಖಾರವಿಲ್ಲದ ಅನ್ನವೋ ರಾಗಿಯ ಮುದ್ದೆಯೋ, ಅದರೊಡನೆ ಬೇಯಿಸಿದ ಮೊಟ್ಟೆ ಅಥವಾ ಮೂಳೆ ತೆಗೆದ ಕೋಳಿ, ಸ್ವಲ್ಪ ಕುಂಬಳ, ಕ್ಯಾರೆಟ್. ಮಾಂಸ ತಾರದ ಮನೆಯಲ್ಲಿ ನಾಯಿ ಬದುಕಬಲ್ಲದು. ಬರಿಯ ಮೊಸರನ್ನದ ಮೇಲೆ ಬಲವಾಗಿ ಬೆಳೆಯಲಾರದು, ಪಶುವೈದ್ಯರನ್ನು ಕೇಳಿ ಕೊರತೆ ತುಂಬಬೇಕು. ಬೆಕ್ಕಿಗೆ ಮಾತ್ರ ಮಾಂಸಾಹಾರ ತಪ್ಪಿದ್ದಲ್ಲ.

ಬೀದಿಯಲ್ಲಿ ದಿನವಿಡೀ ಅಲೆದ ಪ್ರಾಣಿ ಮನೆಗೆ ಬಂದರೆ ವರ್ಷದೊಳಗೆ ಬೊಜ್ಜು ಬರುತ್ತದೆ. ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬು ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು, ಅಳತೆ ಇಷ್ಟೇ. ಬೆಳಗ್ಗೆ ಸಂಜೆ ತಿರುಗಾಡಿಸಿ. ಬೇಸಗೆಯಲ್ಲಿ ನಿಮ್ಮ ಹಿಂಗೈಯನ್ನು ರಸ್ತೆಯ ಮೇಲೆ ಐದು ಎಣಿಸುವವರೆಗೆ ಇಡಲಾಗದಿದ್ದರೆ ಅದರ ಪಾದವೂ ಸುಡುತ್ತದೆ. ಸಂತಾನಹರಣ ಚಿಕಿತ್ಸೆ ಮಾಡಿಸಿ. ಹೆಣ್ಣುನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬುವ ಮಾರಕ ರೋಗ ಇದರಿಂದ ತಪ್ಪುತ್ತದೆ, ಚರಂಡಿಯ ಪಕ್ಕ ಅಳುವ ಮರಿಗಳೂ ತಪ್ಪುತ್ತವೆ.

ಇನ್ನು ಮನೆ ಹುಡುಕುವ ಮಾತು. ಈ ಮರಿಗೆ ಮೊದಲು ನಾವು ಒಂದನ್ನು ಸಾಕಿ, ಕೇಳಿದ ಮೊದಲ ಮನುಷ್ಯನಿಗೆ ಕೊಟ್ಟಿದ್ದೆವು. 'ದೊಡ್ಡ ಕಾಂಪೌಂಡು ಇದೆ' ಎಂದ. ನಮಗೆ ಅಷ್ಟೇ ಸಾಕೆನಿಸಿತು. ಎರಡು ತಿಂಗಳ ಬಳಿಕ ಹೋಗಿ ನೋಡಿದರೆ ಮನೆ ಕಟ್ಟುತ್ತಿದ್ದ ಜಾಗದಲ್ಲಿ ಕಾವಲಿಗೆ ಕಟ್ಟಿಹಾಕಿದ್ದ ಹಗ್ಗ ಮಾತ್ರ ಇತ್ತು. ಕೆಲಸ ಮುಗಿದಿತ್ತು, ಬಿಟ್ಟುಬಿಟ್ಟೆವು ಎಂದರು. ಬೀದಿಯನ್ನು ಮರೆತ ನಾಯಿ ಮತ್ತೆ ಬೀದಿಗೆ ಬಿದ್ದರೆ ಮೊದಲಿಗಿಂತ ಕಷ್ಟ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಬೀದಿನಾಯಿಗಳ ಬಗ್ಗೆ ಕೊಟ್ಟ ಆದೇಶದಲ್ಲಿ, ದತ್ತು ಪಡೆದ ನಾಯಿ ಮರಳಿ ಬೀದಿಗೆ ಹೋಗದಂತೆ ನೋಡಿಕೊಳ್ಳುವುದು ಪಡೆದವರ ಹೊಣೆ ಎಂದು ಸೇರಿಸಿತು. ಅದನ್ನು ಓದಿದಾಗ ನನಗೆ ಆ ಹಗ್ಗ ನೆನಪಾಯಿತು.

ಆದ್ದರಿಂದ ಈ ಸಲ ಕೇಳಲು ಬಂದವರನ್ನು ನಾವೇ ಪ್ರಶ್ನೆ ಕೇಳಿದೆವು. ಬಾಡಿಗೆ ಮನೆಯಾದರೆ ಯಜಮಾನರ ಒಪ್ಪಿಗೆ ಇದೆಯೆ? ಊರಿಗೆ ಹೋದಾಗ ಯಾರು ನೋಡುತ್ತಾರೆ? ಮನೆಯ ಹಿರಿಯರಿಗೆ ಸಮ್ಮತವೆ? ಇಬ್ಬರು ಬೇಸರಪಟ್ಟು ಎದ್ದುಹೋದರು. ಮೂರನೆಯವರು, ಅಧ್ಯಾಪಕ ದಂಪತಿಗಳು, ತಮ್ಮ ಅತ್ತೆಯವರನ್ನೂ ಜೊತೆಗೆ ಕರೆತಂದಿದ್ದರು. ಮರಿ ಹೊಸ ಮನೆಗೆ ಹೊಂದಲು ಮೂರು ದಿನವಲ್ಲ, ಮೂರು ವಾರ, ಕೆಲವಕ್ಕೆ ಮೂರು ತಿಂಗಳೂ ಆದೀತು ಎಂದು ಹೇಳಿದೆವು. ಮಂಚದ ಕೆಳಗೆ ಅಡಗಿದರೆ ಎಳೆಯಬೇಡಿ, ದೀಪಾವಳಿಯ ಪಟಾಕಿಯ ಹೊತ್ತಿಗೆ ಒಳಗೆ ಕೂಡಿ, ತಿನ್ನುವಾಗ ಯಾರೂ ತಟ್ಟೆ ಮುಟ್ಟಬೇಡಿ ಎಂದೂ ಹೇಳಿದೆವು. ಲಸಿಕೆಯ ಚೀಟಿಯನ್ನು ಕೊಟ್ಟೆವು. ಅದರ ಜೊತೆಗೆ ಮರಿ ಮಲಗುತ್ತಿದ್ದ ಹಳೆಯ ಸೀರೆಯ ತುಂಡನ್ನೂ, ಒಗೆಯದೆ, ನಮ್ಮಾಕೆ ಕೈಗಿಟ್ಟಳು.

ಹೊರಡುವಾಗ ಪಕ್ಕದ ಮನೆಯ ಹುಡುಗ ಗೇಟಿನ ಆಚೆ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದ. ಮರುದಿನ ಫೋನು ಮಾಡಿ ವಿಚಾರಿಸಿದೆವು. ರಾತ್ರಿ ಎರಡು ಗಂಟೆಯವರೆಗೆ ಅತ್ತಿತಂತೆ. ಆಮೇಲೆ ಸೀರೆಯನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡು ಅದರ ಮೇಲೆ ಮಲಗಿತಂತೆ.